ಕೆಂಪು ನೆಲ ಅರಿಶಿನ ಆಗಿದ್ದು ಯಾಕೆ?

ಹಳೇ ಮನೆಯೊಂದರ ಹಜಾರವನ್ನು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿದ್ದೆ. ರೆಡ್ ಆಕ್ಸೈಡ್ ನೆಲ, ಕಂಬಿ ಕಿಟಕಿ, ಬೆಳಗಿನ ಬಿಸಿಲು. ನೆರಳಿದ್ದ ಕಡೆ ನೆಲ ಚೆನ್ನಾಗಿಯೇ ಕೆಂಪಗಿತ್ತು. ಬಿಸಿಲು ಬಿದ್ದ ಕಡೆ ಮಾತ್ರ ಯಾರೋ ಅರಿಶಿನ ಚೆಲ್ಲಿದ ಹಾಗೆ. ಬಿಸಿಲು ಕಮ್ಮಿ ಮಾಡಿದರೆ ಮೂಲೆಯೆಲ್ಲ ಕತ್ತಲು. ಎರಡು ದಿನ ಲೈಟು, ಮೆಟೀರಿಯಲ್ಲು ಎಲ್ಲ ತಿರುವಿ ಹಾಕಿದೆ. ತಪ್ಪು ಅಲ್ಲಿರಲೇ ಇಲ್ಲ. ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ವ್ಯೂ ಟ್ರಾನ್ಸ್‌ಫಾರ್ಮ್, ಅಂದರೆ ಲೆಕ್ಕ ಹಾಕಿದ ಬೆಳಕನ್ನು ಸ್ಕ್ರೀನಿನ ಬಣ್ಣವಾಗಿ ಬದಲಿಸುವ ಆಯ್ಕೆ, 'ಸ್ಟ್ಯಾಂಡರ್ಡ್' ಅಂತಿತ್ತು, ಅಷ್ಟೇ.

ರೆಂಡರ್, ಅಂದರೆ ದೃಶ್ಯದಿಂದ ಚಿತ್ರ ತೆಗೆಯುವ ಲೆಕ್ಕದಲ್ಲಿ ಬೆಳಕಿಗೆ ಮೇಲ್ಮಿತಿ ಇಲ್ಲ, ಸ್ಕ್ರೀನಿಗೆ ಇದೆ; ಆ ಮಿತಿಯೇ 1. ಸ್ಟ್ಯಾಂಡರ್ಡ್ 1ಕ್ಕಿಂತ ಮೇಲಿದ್ದದ್ದನ್ನು ಸುಮ್ನೆ ಕತ್ತರಿಸುತ್ತದೆ. ಸ್ಕ್ರೀನಿನ ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಸೇರಿ ಆಗುವುದು. ನನ್ನ ನೆಲದಲ್ಲಿ ಕೆಂಪು ಮೊದಲು ಮೇಲೆ ಮುಟ್ಟಿ ನಿಂತಿತು, ಆದರೆ ಬಿಸಿಲು ಜಾಸ್ತಿಯಾದಂತೆ ಹಸಿರು ಏರುತ್ತಲೇ ಹೋಯಿತು. ಕೆಂಪಿಗೆ ಹಸಿರು ಸೇರಿದರೆ ಹಳದಿ ತಾನೇ?

ಇದರ ಬೇರು ಹಳೇ ಡಬ್ಬ ಟಿವಿ ಕಾಲದಲ್ಲಿದೆ. ಆ ಪರದೆಗೆ ವೋಲ್ಟೇಜ್ ಎರಡು ಪಟ್ಟು ಕೊಟ್ಟರೆ ಬೆಳಕು ಎರಡೇ ಪಟ್ಟು ಆಗುತ್ತಿರಲಿಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಆಗುತ್ತಿತ್ತು. ಅದಕ್ಕೆ ಹೊಂದುವ ಹಾಗೆ ಚಿತ್ರದ ಅಂಕಿಗಳನ್ನೇ ಬಗ್ಗಿಸಿ ಇಡುತ್ತಿದ್ದರು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಇದನ್ನು ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನದಂಡವಾಗಿ ಕಟ್ಟಿಕೊಟ್ಟರು. ಅದರಲ್ಲಿ 255ಕ್ಕೆ 128 ನೋಡಲು ಅರ್ಧ ಅನಿಸುತ್ತದೆ, ನಿಜವಾದ ಬೆಳಕು ಮಾತ್ರ ಸುಮಾರು 22%. ಹಳೇ ಕಾಲದ 3ಡಿ ಕಲಾವಿದರಲ್ಲಿ ಎಷ್ಟೋ ಜನ ಈ ಬಗ್ಗಿದ ಅಂಕಿಗಳನ್ನೇ ಕೂಡಿಸಿ ಗುಣಿಸಿ ರೆಂಡರ್ ಮಾಡುತ್ತಿದ್ದರು. ಎರಡು ದೀಪ ಸೇರಿದ ಕಡೆ ಬೆಳ್ಳಗೆ ಸುಟ್ಟುಹೋಗುತ್ತಿತ್ತು, ಕತ್ತಲಿದ್ದ ಕಡೆ ಕಾಣದ ಹಾಗೆ ಕಳ್ಳ ಲೈಟು ಬಚ್ಚಿಡಬೇಕಿತ್ತು. ಅಂಕಿಗಳ ಬಾಗು ತೆಗೆದು ನಿಜವಾದ ಬೆಳಕಿನಲ್ಲೇ ಲೆಕ್ಕ ಮಾಡುವ ಲೀನಿಯರ್ ವರ್ಕ್‌ಫ್ಲೋ ಬಂದ ಮೇಲೆ ಲೆಕ್ಕ ಸರಿಹೋಯಿತು, ಆದರೆ ಕೊನೆಯಲ್ಲಿ ಕತ್ತರಿಸುವ ಚಾಳಿ ಹೋಗಲಿಲ್ಲ.

ತಮಾಷೆ ಅಂದರೆ ಫೋಟೋ ಫಿಲಂನವರಿಗೆ ಈ ತಲೆನೋವು ಅಷ್ಟಾಗಿ ಇರಲೇ ಇಲ್ಲ. ಬೆಳಕು ಜಾಸ್ತಿಯಾದಾಗ ಫಿಲಂ ಮೆಲ್ಲಗೆ ಬಾಗುತ್ತದೆ ಅನ್ನುವುದನ್ನು ಹರ್ಟರ್ ಮತ್ತು ಡ್ರಿಫೀಲ್ಡ್ 1890ರಲ್ಲೇ ಅಳೆದು ತೋರಿಸಿದ್ದರು. 2002ರಲ್ಲಿ ರೈನ್‌ಹಾರ್ಡ್ ಮತ್ತು ಜೊತೆಗಾರರು ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್‌ರ ಜೋನ್ ಪದ್ಧತಿಯನ್ನು (ಕಪ್ಪಿನಿಂದ ಬಿಳಿವರೆಗೆ ಬೆಳಕನ್ನು ಹಂತಗಳಾಗಿ ಹಂಚುವುದು) ನೋಡಿ ಕಂಪ್ಯೂಟರಿಗೆ ಒಂದು ಸೂತ್ರ ಕೊಟ್ಟರು. ಅದರ ಸರಳ ರೂಪ: ಬೆಳಕಿನ ಅಂಕಿಯನ್ನು, ಅದೇ ಅಂಕಿಗೆ 1 ಕೂಡಿಸಿದರೆ ಬರುವುದರಿಂದ ಭಾಗಿಸಿ. ಉತ್ತರ ಎಂದೂ 1 ಮುಟ್ಟುವುದಿಲ್ಲ. ನನ್ನ ಕಣ್ಣಿಗೆ ಚಿತ್ರ ಸ್ವಲ್ಪ ಸಪ್ಪೆ.

ಬ್ಲೆಂಡರ್‌ಗೆ ದೊಡ್ಡ ತಿರುವು ಬಂದಿದ್ದು 2017ರಲ್ಲಿ, 2.79 ಆವೃತ್ತಿಯ ಜೊತೆ. ಟ್ರಾಯ್ ಸೊಬೊಟ್ಕಾ ಮಾಡಿದ, ಫಿಲಂ ಹಾಗೆ ಮೆಲ್ಲಗೆ ಬಾಗುವ 'ಫಿಲ್ಮಿಕ್' ವ್ಯೂ ಟ್ರಾನ್ಸ್‌ಫಾರ್ಮ್ ಒಳಗೆ ಬಂತು. ನಡು ಬೂದುಬಣ್ಣದಿಂದ ಮೇಲಕ್ಕೆ ಸ್ಟ್ಯಾಂಡರ್ಡ್ ಸುಮಾರು 2.5 ಸ್ಟಾಪ್ ತಡೆದುಕೊಂಡರೆ ಇದು 6.5 ಸ್ಟಾಪ್ ತಡೆಯುತ್ತಿತ್ತು. ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು, ಎಕ್ಸ್‌ಪೋಶರ್ ಸ್ಲೈಡರ್‌ನಲ್ಲೂ ಅದೇ ಲೆಕ್ಕ. ಆದರೆ ಕಡು ನೀಲಿ, ಕಡು ಕೆಂಪು ನಿಯಾನ್ ದೀಪ ಹಾಕಿದರೆ ಫಿಲ್ಮಿಕ್ ಕೂಡ ಎಡವುತ್ತಿತ್ತು, ಎಲ್ಲ ಬಣ್ಣವೂ ಅದೇ ಐದಾರು ಬಣ್ಣಗಳ ಕಡೆ ಜಾರುತ್ತಿತ್ತು. ಅದಕ್ಕೇ 2023ರ 4.0 ಆವೃತ್ತಿಯಲ್ಲಿ 'ಎಜಿಎಕ್ಸ್' ಅನ್ನುವ ಇನ್ನೊಂದು ವ್ಯೂ ಟ್ರಾನ್ಸ್‌ಫಾರ್ಮ್ ಡೀಫಾಲ್ಟ್ ಆಯಿತು. ಹೊಳಪು ಏರಿದಂತೆ ಬಣ್ಣ ತಿಳಿಯಾಗುತ್ತಾ ಬಿಳಿಯ ಕಡೆ ಹೋಗುತ್ತದೆ.

ನನ್ನದು ಹಳೇ ಫೈಲು, ಹಾಗಾಗಿ ಸ್ಟ್ಯಾಂಡರ್ಡ್‌ನಲ್ಲೇ ಉಳಿದಿತ್ತು. ಎಜಿಎಕ್ಸ್‌ಗೆ ಬದಲಿಸಿದೆ, ಎಕ್ಸ್‌ಪೋಶರ್ ಅರ್ಧ ಸ್ಟಾಪ್ ಇಳಿಸಿದೆ, ಲುಕ್‌ನಲ್ಲಿ ಕಾಂಟ್ರಾಸ್ಟ್ ಒಂದು ಮೆಟ್ಟಿಲು ಏರಿಸಿದೆ. ಬಿಸಿಲಿನ ಪಟ್ಟೆಯಲ್ಲೂ ನೆಲ ಈಗ ಕೆಂಪೇ, ಸ್ವಲ್ಪ ತಿಳಿ. ಆ ಮನೆಯ ಮಾಲೀಕರ ತಕರಾರು ಮಾತ್ರ ಬೇರೆ: ಗೋಡೆ ಬಣ್ಣ ಶೇಡ್ ಕಾರ್ಡಿಗೆ ಹೊಂದುತ್ತಿಲ್ಲವಂತೆ. ಬಿಸಿಲಲ್ಲಿ ನಿಂತ ಗೋಡೆ ಕಾರ್ಡಿನ ಹಾಗೆ ಕಾಣುವುದಿಲ್ಲ ಅಲ್ವಾ ಅಂದೆ, ಒಪ್ಪಲಿಲ್ಲ. ಕಾರ್ಡಿನ ಬಣ್ಣವನ್ನು ಪಕ್ಕದಲ್ಲಿ ಚೌಕ ಮಾಡಿ ಅಂಟಿಸಿ ಕಳಿಸಿದ್ದೇನೆ.