ವೈಜ್ಞಾನಿಕ ವಿನಯ: ಮುಂಗಾರಿನ ಮುನ್ಸೂಚನೆ ಹೇಳುವ ಅರ್ಥ

2023ರ ಏಪ್ರಿಲ್‌ನಲ್ಲಿ ಭಾರತೀಯ ಹವಾಮಾನ ಇಲಾಖೆಯು ಆ ವರ್ಷದ ನೈರುತ್ಯ ಮುಂಗಾರು ವಾಡಿಕೆಯ ಶೇ 96ರಷ್ಟಿರಲಿದೆ ಎಂದು ಪ್ರಕಟಿಸಿತು. ಈ ಅಂದಾಜು ಶೇ 5ರಷ್ಟು ಮೇಲಕ್ಕೋ ಕೆಳಕ್ಕೋ ತಪ್ಪಬಹುದೆಂಬ ಮಾತೂ ಅದರ ಜೊತೆಗಿತ್ತು. ಸುದ್ದಿಯ ತಲೆಬರಹಕ್ಕೆ ಸಾಮಾನ್ಯವಾಗಿ ಮೊದಲ ಅಂಕಿಯಷ್ಟೇ ಸಾಕಾಗುತ್ತದೆ, ಆದರೆ ವೈಜ್ಞಾನಿಕ ವಿನಯ ಇರುವುದು ಎರಡನೆಯ ಅಂಕಿಯಲ್ಲಿ. ತಾನು ಹೇಳುತ್ತಿರುವುದು ಎಷ್ಟರಮಟ್ಟಿಗೆ ತಪ್ಪಬಹುದು ಎಂಬುದನ್ನು ಅಳೆದು, ಫಲಿತಾಂಶ ತಿಳಿಯುವ ಮೊದಲೇ ಅದನ್ನು ಎಲ್ಲರೆದುರು ಬರೆದಿಡುವ ಶಿಸ್ತಿಗೆ ಈ ಹೆಸರು ಸಲ್ಲುತ್ತದೆ. ವಿಜ್ಞಾನಿಯ ಸ್ವಭಾವಕ್ಕೂ ಇದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಮಾತಿನಲ್ಲಿ ಬಹಳ ಗರ್ವಿಷ್ಠನಾದವನೂ ತನ್ನ ಲೆಕ್ಕದ ದೋಷಮಿತಿಯನ್ನು ಪ್ರಾಮಾಣಿಕವಾಗಿ ನಮೂದಿಸಿದರೆ ಅಷ್ಟರಮಟ್ಟಿಗೆ ವಿನಯಿಯೇ.

ಆ ‘ಶೇ 5’ರ ತೂಕ ತಿಳಿಯಬೇಕಾದರೆ ಇನ್ನೊಂದು ಅಂಕಿಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶಕ್ಕೆ ಸರಾಸರಿ ಸುಮಾರು 87 ಸೆಂ.ಮೀ. ಮಳೆಯಾಗುತ್ತದೆ, ಮತ್ತು ಈ ಮೊತ್ತ ವರ್ಷದಿಂದ ವರ್ಷಕ್ಕೆ ಸಾಮಾನ್ಯವಾಗಿ ಶೇ 10ರಷ್ಟು ಅತ್ತಿತ್ತ ಸರಿಯುತ್ತದೆ. ಹವಾಮಾನದ ಗಂಧಗಾಳಿಯೂ ಇಲ್ಲದವನೊಬ್ಬ ಪ್ರತಿವರ್ಷವೂ ‘ಈ ಸಲ ಸರಾಸರಿ ಮಳೆ’ ಎಂದು ಕಣ್ಣುಮುಚ್ಚಿ ಹೇಳುತ್ತ ಹೋದರೂ ಅವನ ತಪ್ಪು ಬಹುತೇಕ ಈ ಶೇ 10ರ ಆಸುಪಾಸಿನಲ್ಲೇ ಇರುತ್ತದೆ. ಉಪಗ್ರಹ, ಸಾಗರದ ತೇಲುಮಾಪಕ, ಸೂಪರ್‌ ಕಂಪ್ಯೂಟರ್‌ ಎಲ್ಲವನ್ನೂ ಹೂಡಿದ ಮೇಲೆ ಏಪ್ರಿಲ್‌ ತಿಂಗಳಲ್ಲಿ ನಾವು ನೀಗಿಸಿಕೊಂಡಿರುವುದು ಆ ಅಜ್ಞಾನದ ಅರ್ಧವನ್ನು ಮಾತ್ರ. ಉಳಿದರ್ಧ ಹಾಗೆಯೇ ಇದೆಯೆಂದು ಇಲಾಖೆ ತಾನಾಗಿಯೇ ಹೇಳುತ್ತಿದೆ.

ಈ ಶಿಸ್ತು ಒಂದೇ ಬಾರಿಗೆ ಬಂದದ್ದಲ್ಲ. ಹಿಮಾಲಯದ ಹಿಮದ ಪ್ರಮಾಣವನ್ನು ಆಧರಿಸಿ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್‌ 1886ರಲ್ಲಿ ಮುಂಗಾರಿನ ಮೊದಲ ಅಧಿಕೃತ ಮುನ್ಸೂಚನೆ ನೀಡಿದರು. ಅವರ ನಂತರ ಬಂದ ಜಾನ್‌ ಎಲಿಯಟ್‌ ವಿವರವಾದ, ಪುಟಗಟ್ಟಲೆ ಉದ್ದದ ಮುನ್ಸೂಚನೆಗಳನ್ನು ಬರೆಯುತ್ತಿದ್ದರು. ಒಳ್ಳೆಯ ಮಳೆಯಾಗುವುದೆಂದು ಅವರು ಹೇಳಿದ್ದ 1899ರಲ್ಲೇ ದೇಶ ಭೀಕರ ಬರಕ್ಕೆ ತುತ್ತಾಯಿತು. ಟೀಕೆಗಳು ಹೆಚ್ಚಿದಾಗ ಕೆಲವು ವರ್ಷ ಮುನ್ಸೂಚನೆಯನ್ನು ಸಾರ್ವಜನಿಕರಿಂದ ಮರೆಮಾಡಲಾಯಿತು. ತಪ್ಪುವ ಭಯದಿಂದ ಬಾಯಿ ಮುಚ್ಚಿಕೊಳ್ಳುವುದು ವಿನಯದಂತೆ ಕಾಣಬಹುದಾದರೂ ಅದು ವಿನಯಕ್ಕೆ ತದ್ವಿರುದ್ಧವಾದದ್ದು, ಏಕೆಂದರೆ ಬಹಿರಂಗವಾಗಿ ಹೇಳದ ಮಾತನ್ನು ಯಾರೂ ಪರೀಕ್ಷಿಸಲಾರರು.

1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್‌ ವಾಕರ್‌ ಮೂಲತಃ ಗಣಿತಜ್ಞರು. ಜಗತ್ತಿನ ನಾನಾ ಕಡೆಯ ವಾಯುಭಾರ, ತಾಪ ಮತ್ತು ಮಳೆಯ ದಾಖಲೆಗಳನ್ನು ತರಿಸಿಕೊಂಡು, ಕಂಪ್ಯೂಟರ್‌ ಇಲ್ಲದ ಆ ಕಾಲದಲ್ಲಿ ಭಾರತೀಯ ಗುಮಾಸ್ತರ ಕೈಬರಹದ ಲೆಕ್ಕಗಳ ಮೂಲಕ ಯಾವುದಕ್ಕೆ ಯಾವುದು ನಿಜವಾಗಿ ಹೊಂದಿಕೊಳ್ಳುತ್ತದೆ ಎಂಬುದನ್ನು ಅವರು ಜಾಲಾಡಿದರು. ಶಾಂತ ಸಾಗರ ಮತ್ತು ಹಿಂದೂ ಮಹಾಸಾಗರಗಳ ನಡುವೆ ವಾಯುಭಾರವು ಏತದಂತೆ ಏರಿಳಿಯುವ ‘ದಕ್ಷಿಣದ ಆಂದೋಲನ’ ಅವರಿಗೆ ಸಿಕ್ಕಿದ್ದು ಹೀಗೆ. ಇಲ್ಲೊಂದು ಸ್ವಾರಸ್ಯವಿದೆ: ಮುಂಗಾರನ್ನು ಮುಂಚಿತವಾಗಿ ಅರಿಯಲು ಹೊರಟ ಹುಡುಕಾಟ ಇದಾಗಿದ್ದರೂ, ಮುಂಗಾರು ತಾನು ಊಹೆಗೆ ಸಿಗುವುದಕ್ಕಿಂತ ಆನಂತರದ ಜಾಗತಿಕ ಹವೆಯನ್ನು ಊಹಿಸಲು ಹೆಚ್ಚು ನೆರವಾಗುತ್ತದೆಂದು ಮುಂದೆ 1953ರಲ್ಲಿ ಇಲಾಖೆಯ ಮಾಜಿ ಮುಖ್ಯಸ್ಥ ಚಾರ್ಲ್ಸ್‌ ನಾರ್ಮಂಡ್‌ ತೋರಿಸಿದರು.

ಯಶಸ್ಸಿನ ಕಾಲದಲ್ಲಿ ಈ ಶಿಸ್ತು ಸಡಿಲವಾಗುವ ಅಪಾಯವೇ ಹೆಚ್ಚು. 1988ರಲ್ಲಿ ಇಲಾಖೆಯು 16 ಅಂಶಗಳನ್ನು ಆಧರಿಸಿದ ಸಂಖ್ಯಾಶಾಸ್ತ್ರೀಯ ಮಾದರಿಯೊಂದನ್ನು ಬಳಕೆಗೆ ತಂದಿತು. 2001ರವರೆಗಿನ 14 ವರ್ಷವೂ ದೇಶಕ್ಕೆ ಒಟ್ಟಾರೆ ಒಳ್ಳೆಯ ಮಳೆಯೇ ಆದದ್ದರಿಂದ ಮಾದರಿಯ ಕೀರ್ತಿ ಬೆಳೆಯಿತು. ಆ ಅವಧಿಯಲ್ಲಿ ಯಾರು ‘ಮಳೆ ಚೆನ್ನಾಗಿದೆ’ ಎಂದಿದ್ದರೂ ಗೆಲ್ಲುತ್ತಿದ್ದರು ಎಂಬುದನ್ನು ಗಮನಿಸಿದವರು ಕಡಿಮೆ. 2002ರಲ್ಲೂ ವಾಡಿಕೆ ಮಳೆಯ ಮುನ್ಸೂಚನೆಯೇ ಹೊರಬಿತ್ತು. ಜುಲೈ ತಿಂಗಳಲ್ಲಿ ಸುರಿದದ್ದು ವಾಡಿಕೆಯ ಸುಮಾರು ಅರ್ಧ, ಇಡೀ ಋತುವಿನ ಮಳೆ ಶೇ 81. ಮರುವರ್ಷವೇ ಆ ಮಾದರಿಯನ್ನು ಬದಲಿಸಲಾಯಿತು. ಮುನ್ಸೂಚನೆ ಅಂಕಿಯ ರೂಪದಲ್ಲಿ ಇದ್ದದ್ದರಿಂದಲೇ ಅದು ಸೋತಿತೆಂದು ಖಚಿತವಾಗಿ ಹೇಳಲು ಸಾಧ್ಯವಾಯಿತು. ‘ಅಲ್ಲಲ್ಲಿ ಮಳೆ, ಕೆಲವೆಡೆ ಕೊರತೆ’ ಎಂದಿದ್ದರೆ ಸೋಲುವ ಪ್ರಶ್ನೆಯೇ ಬರುತ್ತಿರಲಿಲ್ಲ.

ನಮ್ಮ ತಿಳಿವಿನ ಮಿತಿಗಳಲ್ಲಿ ಎರಡು ಬಗೆಗಳಿವೆ, ಇವೆರಡನ್ನೂ ಬೆರೆಸುವುದರಿಂದ ಸಾಕಷ್ಟು ಗೊಂದಲವಾಗುತ್ತದೆ. ಮೊದಲ ಬಗೆಯದು ಶ್ರಮದಿಂದ ಹಿಂದೆ ಸರಿಯುವ ಗಡಿ. 1997ರಲ್ಲಿ, ಶಾಂತ ಸಾಗರದ ಮೇಲ್ಮೈ ನೀರು ಬಿಸಿಯಾಗಿ ಸಾಮಾನ್ಯವಾಗಿ ನಮ್ಮ ಮಳೆಯನ್ನು ತಗ್ಗಿಸುವ, ಪ್ರಬಲವಾದ ಎಲ್‌ ನಿನೊ ಇದ್ದರೂ ಭಾರತದಲ್ಲಿ ಮಳೆ ಕುಸಿಯದೆ ಹೋದಾಗ ಎಲ್ಲರೂ ಬೆರಗಾದರು, ಎರಡು ವರ್ಷಗಳ ನಂತರ ಹಿಂದೂ ಮಹಾಸಾಗರದ ಪೂರ್ವ-ಪಶ್ಚಿಮ ಭಾಗಗಳ ತಾಪ ಒಂದಕ್ಕೊಂದು ವಿರುದ್ಧವಾಗಿ ಏರಿಳಿಯುವ ‘ದ್ವಿಧ್ರುವ’ ವಿದ್ಯಮಾನ ಬೆಳಕಿಗೆ ಬಂದು ಆ ಒಗಟು ಸ್ವಲ್ಪಮಟ್ಟಿಗೆ ಬಿಡಿಸಿಕೊಂಡಿತು. ಎರಡನೆಯದು ನಿಸರ್ಗದ ನಡೆಯಲ್ಲೇ ಹುದುಗಿರುವ ಗಡಿ. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್‌ ಲೊರೆನ್ಜ್‌ ತಮ್ಮ ಹವಾಮಾನ ಮಾದರಿಯನ್ನು ಮತ್ತೆ ಓಡಿಸುವಾಗ 0.506127 ಎಂಬ ಸಂಖ್ಯೆಗೆ ಬದಲಾಗಿ 0.506 ಎಂದು ಊಡಿಸಿದರು. ಮೊದಲು ಎರಡು ಲೆಕ್ಕಗಳೂ ಒಟ್ಟಿಗೆ ಸಾಗಿದವು, ನಂತರ ನಿಧಾನವಾಗಿ ಬೇರ್ಪಟ್ಟು, ಕೊನೆಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. ವಾತಾವರಣದ ಪ್ರತಿ ಬಿಂದುವನ್ನೂ ಅಳೆಯುವುದು ಯಾರಿಂದಲೂ ಆಗದ ಕೆಲಸ, ಆದ್ದರಿಂದ ದಿನದಿನದ ಹವೆಯನ್ನು ಸುಮಾರು ಎರಡು ವಾರಕ್ಕಿಂತ ಆಚೆಗೆ ಹೇಳಲಾಗದೆಂಬುದು ಇದರಿಂದ ಮೂಡಿದ ತಿಳಿವಳಿಕೆ. ಋತುವಿನ ಒಟ್ಟು ಮೊತ್ತ ನಿಧಾನವಾಗಿ ಬದಲಾಗುವ ಸಾಗರದ ತಾಪವನ್ನು ಅವಲಂಬಿಸಿರುವುದರಿಂದಲೇ ಅದನ್ನು ಅಂದಾಜಿಸಲು ತುಸು ಆಸ್ಪದ ಉಳಿದಿದೆ.

2023ಕ್ಕೆ ಮರಳಿದರೆ, ದೇಶದಲ್ಲಿ ಬಿದ್ದ ಮಳೆ ಶೇ 94. ಅಂದರೆ ಮುನ್ಸೂಚನೆ ತನ್ನ ಮಿತಿಯೊಳಗೆ ಸರಿಯಾಗಿತ್ತು. ಅದೇ ವರ್ಷ ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು! ಚಳ್ಳಕೆರೆಯ ಶೇಂಗಾ ಬೆಳೆಗಾರನಿಗೆ ದೇಶದ ಸರಾಸರಿಯಿಂದ ಆಗುವ ಪ್ರಯೋಜನವೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ವಿಸ್ತಾರ ಕಿರಿದಾದಷ್ಟೂ, ಅವಧಿ ದೂರವಾದಷ್ಟೂ ಮುನ್ಸೂಚನೆಯ ಬಲ ಕುಗ್ಗುತ್ತದೆ. ಇದನ್ನು ಹೇಳದೆ ಒಂದೇ ಅಂಕಿಯನ್ನು ಊರೂರಿಗೆ ತಲುಪಿಸುವವರು ವಿಜ್ಞಾನದ ಹೆಸರಿನಲ್ಲಿ ಅವಿನಯ ತೋರುತ್ತಿದ್ದಾರೆಂಬುದು ನನ್ನ ಅಭಿಪ್ರಾಯ.

‘ವಿಜ್ಞಾನಿಗಳಿಗೇ ಖಾತ್ರಿಯಿಲ್ಲ, ಹಾಗಾಗಿ ಎಲ್ಲ ಮಾತೂ ಒಂದೇ’ ಎಂಬ ವಾದವೂ ಅಷ್ಟೇ ದಾರಿತಪ್ಪಿದ್ದು. ಅಳತೆ ಮಾಡಿದ ಅನಿಶ್ಚಿತತೆಗೂ ಅಳತೆಗೇ ಸಿಗದ ಭರವಸೆಗೂ ಅಂತರವಿದೆ. ವರ್ಷದ ಮಳೆಯನ್ನು ಯುಗಾದಿಯಂದೇ ಕೊಳಗದ ಲೆಕ್ಕದಲ್ಲಿ ಹೇಳುವ ಪಂಚಾಂಗ ಕಳೆದ ವರ್ಷದ ತಪ್ಪೊಪ್ಪುಗಳ ಪಟ್ಟಿಯನ್ನು ಕೊಡುವುದಿಲ್ಲ. ರೈತರ ಮಳೆ ನಕ್ಷತ್ರಗಳ ಮಾತು ಬೇರೆ. ಸೌರಮಾನವನ್ನು ಅನುಸರಿಸುವ ಆ ಹದಿಮೂರು-ಹದಿನಾಲ್ಕು ದಿನಗಳ ವಿಭಾಗಗಳು ತಲೆಮಾರುಗಳ ಅನುಭವದಿಂದ ಋತುವಿನ ಸಾಮಾನ್ಯ ಗತಿಯನ್ನು ಹಿಡಿದಿಟ್ಟಿವೆ, ಈ ವರ್ಷದ ಆರಿದ್ರಾ ಹೇಗಿರುತ್ತದೆಂದು ಅವು ಹೇಳಲು ಹೋಗುವುದಿಲ್ಲ.

ಈಗ ಇಲಾಖೆಯು ಒಂದೇ ಅಂಕಿಯ ಜೊತೆಗೆ ಕೊರತೆ, ವಾಡಿಕೆಗಿಂತ ಕಡಿಮೆ, ವಾಡಿಕೆ, ಹೆಚ್ಚು, ಅತಿ ಹೆಚ್ಚು ಎಂಬ ಐದು ವರ್ಗಗಳಿಗೂ ಬೇರೆ ಬೇರೆ ಸಂಭವನೀಯತೆಯನ್ನು ಕೊಡುತ್ತದೆ. ಇದು ಹೆಚ್ಚು ಪ್ರಾಮಾಣಿಕವಾದ ಕ್ರಮ, ಆದರೆ ಪರೀಕ್ಷಿಸಲು ಹೆಚ್ಚು ಕಷ್ಟವಾದದ್ದೂ ಹೌದು. ‘ಶೇ 30ರಷ್ಟು ಸಂಭವ’ ಎಂಬ ಮಾತು ಸರಿಯೋ ತಪ್ಪೋ ಎಂದು ಒಂದು ವರ್ಷದ ಮಳೆಯಿಂದ ತೀರ್ಮಾನಿಸಲಾಗದು. ಅಂಥ ಹತ್ತಾರು ಮಾತುಗಳನ್ನು ಒಟ್ಟುಗೂಡಿಸಿ ನೋಡಬೇಕು. ಪ್ರಯೋಗಾಲಯದಲ್ಲಾದರೆ ಒಂದೇ ಪ್ರಯೋಗವನ್ನು ಒಂದು ವಾರದಲ್ಲಿ ನೂರು ಸಲ ನಡೆಸಬಹುದು, ಮುಂಗಾರು ಮಾತ್ರ ವರ್ಷಕ್ಕೆ ಒಂದೇ ಬರುತ್ತದೆ.