ಹಾವುಮೀನು ಮನೆ ರಿಪೇರಿ ಅಂದ್ರೆ ಮೊದ್ಲು ನೀರಿನ ಲೆಕ್ಕ

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಆಲ್ರೆಸ್‌ಫೋರ್ಡ್ ಅಂತ ಒಂದು ಸಣ್ಣ ಪೇಟೆ ಇದೆ, ಅಲ್ಲಿ ಹೊಳೆ ಮೇಲೆ 1820ರ ದಶಕದ್ದೊಂದು ಇಟ್ಟಿಗೆ ಮನೆ, ಹೆಸರು ಈಲ್ ಹೌಸ್, ಅಂದ್ರೆ ಹಾವುಮೀನು ಹಿಡಿಯೋ ಮನೆ. ನಮ್ಮ ಕಡೆ ಯಾರಾದ್ರೂ ನೋಡಿದ್ರೆ ಪಂಪ್‌ಸೆಟ್ ಮನೆ ಅಂದ್ಕೋಬೇಕು. ಆದ್ರೆ ಹೊಳೆ ಪಕ್ಕದಲ್ಲಲ್ಲ, ಮನೆ ಅಡೀಲೇ ಹರಿಯುತ್ತೆ. ಹಾವುಮೀನು ವರ್ಷಗಟ್ಲೆ ಹೊಳೇಲಿ ಬೆಳೆದು ಕೊನೆಗೆ ಮೊಟ್ಟೆ ಇಡೋಕೆ 5000 ಕಿಲೋಮೀಟರ್‌ಗೂ ದೂರದ, ಅಟ್ಲಾಂಟಿಕ್ ಸಾಗರದೊಳಗಿನ ಸಾರ್ಗಾಸೋ ಸಮುದ್ರಕ್ಕೆ ಹೊರಡುತ್ತೆ, ಅದೂ ಹೆಚ್ಚಾಗಿ ಚಳಿಗಾಲಕ್ಕೆ ಮುಂಚೆ, ಕತ್ತಲೆ ರಾತ್ರೀಲಿ, ಮಳೆ ಬಿದ್ದು ನೀರು ಏರಿದಾಗ. ವರ್ಷದ ಆ ಕೆಲವು ರಾತ್ರಿಗೋಸ್ಕರಾನೇ ಈ ಥರ ಮನೆ ಕಟ್ತಿದ್ರು. ಮನೆ ಅಡೀಲಿ ನೀರಿಗೆ ಅಡ್ಡ ಹಾಕಿದ ಕಬ್ಬಿಣದ ಕಂಬಿ ಇರುತ್ತೆ, ನೀರೆಲ್ಲ ಅದರ ಸಂದಿಯಿಂದ ಇಳಿದು ಹೋಗುತ್ತೆ, ಮೀನು ಮೇಲೇ ಉಳ್ಕೊಳುತ್ತೆ, ಅಷ್ಟೇ ಟೆಕ್ನಿಕ್ಕು.

ಇಂಥದ್ದನ್ನ ರಿಪೇರಿ ಮಾಡೋರು ಮೊದ್ಲು ಚಾವಣಿ ನೋಡ್ತಾರೆ. ನಾನಾದ್ರೆ ನೀರಿನ ಗೆರೆ ನೋಡ್ತೀನಿ. ಯಾವಾಗ್ಲೂ ನೀರೊಳಗೇ ಇರೋ ಓಕ್ ಮರ ಅಷ್ಟು ಬೇಗ ಕೊಳೆಯಲ್ಲ, ಯಾವಾಗ್ಲೂ ಒಣಗಿರೋದೂ ಕೊಳೆಯಲ್ಲ, ಒಮ್ಮೆ ಒದ್ದೆ ಒಮ್ಮೆ ಒಣಗು ಅಂತ ಇರೋ ಆ ಒಂದು ಗೇಣು ಜಾಗ ಇದೆಯಲ್ಲ, ಮರ, ಇಟ್ಟಿಗೆ, ಕಬ್ಬಿಣ ಎಲ್ಲಾ ಸಾಯೋದು ಅಲ್ಲೇ.

ಇನ್ನು ಸಿಮೆಂಟು. ಹಳೇ ಇಟ್ಟಿಗೆ ಮೆತ್ತಗಿರುತ್ತೆ, ಅದರ ಸಂದಿಗೆ ಸಿಮೆಂಟ್ ತುಂಬಿದ್ರೆ ಒಳಗಿನ ತೇವ ಸಂದಿಯಿಂದ ಹೊರಗೆ ಬರಲಾರದೆ ಇಟ್ಟಿಗೆಯಿಂದಲೇ ಬರುತ್ತೆ, ಹಿಮ ಬಿದ್ದಾಗ ಹೆಪ್ಪುಗಟ್ಟಿ ಇಟ್ಟಿಗೆ ಮುಖಾನೇ ಹಪ್ಪಳದಂಗೆ ಎದ್ದು ಬೀಳುತ್ತೆ. ಹೊಸದ್ರಲ್ಲಿ ನಾನೂ ಒಂದು ಹಳೇ ಗೋಡೆಗೆ ಸಿಮೆಂಟ್ ಮೆತ್ತಿಸಿದ್ದೆ, ಎರಡೇ ಮಳೆಗಾಲಕ್ಕೆ ಉಪ್ಪು ಉಕ್ಕಿ ಬಂತು. ಸುಣ್ಣಾನೇ ಸರಿ, ಆದ್ರೆ ನಮ್ಮ ಗಾರೆಯೋರು ಅರೆಯೋ ಬರೀ ಸುಣ್ಣ ಗಟ್ಟಿಯಾಗೋಕೆ ಗಾಳಿ ಬೇಕು, ನೀರೊಳಗೆ ಆಗಲ್ಲ. ಅಲ್ಲಿಗೆ ಹೈಡ್ರಾಲಿಕ್ ಸುಣ್ಣ ಬೇಕು, ಜೇಡಿ ಅಂಶ ಇರೋ ಸುಣ್ಣಕಲ್ಲು ಸುಟ್ಟು ಮಾಡೋದು. ಹಳೇ ಗಾರೆಗೆ ಇಟ್ಟಿಗೆ ಪುಡಿ ಬೆರೆಸ್ತಿದ್ದಿದ್ದೂ ಇದೇ ಕಾರಣಕ್ಕೆ.

ಆಮೇಲೆ ಟೈಮ್ ತಲೆನೋವು. 5 ಡಿಗ್ರಿಗಿಂತ ಚಳಿ ಇದ್ರೆ ಸುಣ್ಣದ ಕೆಲಸ ಆಗಲ್ಲ. ಆಲ್ರೆಸ್‌ಫೋರ್ಡ್‌ದು ಸೀಮೆಸುಣ್ಣದ ಬಂಡೆಯೊಳಗಿಂದ ಊಟೆಯಾಗಿ ಬರೋ ಹೊಳೆ, ಇಂಥಾ ಹೊಳೇಲಿ ನೀರು ಕಮ್ಮಿ ಆಗೋದು ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ, ಮೀನು ಹೊರಡೋದೂ ಆಗ್ಲೇ. ಹಂಗಾಗಿ ನೀರಿನ ಕೆಲಸ ಬೇಸಿಗೇಲೇ ಮುಗಿಸಿ, ತಡೆಗೆ ಇಟ್ಟ ಮರಳುಚೀಲ ಅಷ್ಟ್ರೊಳಗೆ ಎತ್ಕೊಂಡ್ಬಿಡಬೇಕು.

ಕೊನೇದಾಗಿ ಕಂಬಿ. 1980ರ ದಶಕದಿಂದೀಚೆಗೆ ಯುರೋಪಿನ ಹೊಳೆಗಳಿಗೆ ಬರೋ ಹಾವುಮೀನಿನ ಮರಿ ಶೇಕಡ 90ಕ್ಕಿಂತ ಜಾಸ್ತಿ ಕಮ್ಮಿಯಾಗಿದೆ, ಅಳಿವಿನಂಚಿನ ಜೀವಿ ಅದು, ಇಂಗ್ಲೆಂಡಲ್ಲಿ ಅದರ ದಾರಿ ಬಿಡಿಸೋಕೇ 2009ರ ಕಾನೂನೊಂದಿದೆ. ಕಂಬಿ ಕಿತ್ತು ಮ್ಯೂಸಿಯಮ್ಮಿಗೆ ಕೊಡಿ ಅನ್ನೋರಿರ್ತಾರೆ, ನಾನು ಒಪ್ಪಲ್ಲ, ಅದಿಲ್ದಿದ್ರೆ ಉಳಿಯೋದು ಬರೀ ಶೆಡ್ಡು. ತುಕ್ಕು ಕೆರೆದು, ಎಣ್ಣೆ ಕುಡಿಸಿ, ಮನೆ ಅಡಿ ನೀರು ಹರಿಯೋ ಒಂದು ಕಾಲುವೇಲಿ ಮೇಲಕ್ಕೆ ಎತ್ತಿ ಕಟ್ಟಿಡ್ತೀನಿ, ಕೆಳಗಡೆ ಮೀನು ಪಾಡಿಗೆ ಮೀನು ಹೋಗ್ಲಿ.