ಎಲ್ವಿಸ್‌ನನ್ನು ಟೀವಿಯಲ್ಲಿ ಸೊಂಟದಿಂದ ಮೇಲೆ ಮಾತ್ರ ತೋರಿಸಿದ್ದು ನಿಜವಾ?

ಪ್ರಶ್ನೆ: ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ, ಎಡ್ ಸಲಿವನ್ ನಡೆಸುತ್ತಿದ್ದ ಟೀವಿ ಶೋಗೆ ಬಂದಾಗ ಅವನ ಕಾಲು ಕಾಣದ ಹಾಗೆ ಕ್ಯಾಮೆರಾ ಹಿಡಿದಿದ್ದರಂತೆ. ಆದರೆ ನಾನು ನೋಡಿದ ವಿಡಿಯೋದಲ್ಲಿ ಪೂರ್ತಿ ಮೈ ಕಾಣುತ್ತದಲ್ಲ? ಯಾವುದು ಸರಿ?

ಎರಡೂ ಸರಿ. ಎಲ್ವಿಸ್ ಆ ಶೋಗೆ ಮೂರು ಸಲ ಬಂದಿದ್ದ. ಸೊಂಟದ ಕೆಳಗೆ ತೋರಿಸದೇ ಇದ್ದಿದ್ದು ಮೂರನೇ ಸಲ ಮಾತ್ರ, 1957ರ ಜನವರಿ 6ರಂದು. ನೀವು ನೋಡಿದ್ದು ಅದಕ್ಕಿಂತ ಮುಂಚಿನದು.

ಅಷ್ಟು ಹೊತ್ತಿಗೆ ಅಮೆರಿಕದ ಜನ ಆ ಕಾಲುಗಳನ್ನು ಟೀವಿಯಲ್ಲಿ ಸುಮಾರು ಒಂದು ವರ್ಷದಿಂದ ನೋಡುತ್ತಿದ್ದರು. 1956ರ ಜನವರಿ 28ರಂದು ಡಾರ್ಸಿ ಸಹೋದರರ ಶೋನಲ್ಲಿ ಎಲ್ವಿಸ್ ಮೊದಲ ಸಲ ಇಡೀ ದೇಶಕ್ಕೆ ಕಾಣಿಸಿಕೊಂಡ. ಅಲ್ಲಿ ಒಟ್ಟು ಆರು ಸಲ ಹಾಡಿದ. ದೊಡ್ಡ ಗಲಾಟೆ ಶುರುವಾಗಿದ್ದು ಜೂನ್ 5ರಂದು, ಮಿಲ್ಟನ್ ಬರ್ಲ್ ಶೋನಲ್ಲಿ ‘ಹೌಂಡ್ ಡಾಗ್’ (ಬೇಟೆನಾಯಿ) ಹಾಡಿದಾಗ. ಅವತ್ತು ಅವನ ಹೆಗಲಲ್ಲಿ ಗಿಟಾರ್ ಇರಲಿಲ್ಲ. ಮರೆಯಾಗಿದ್ದ ಮೈಯೆಲ್ಲ ಎದುರಿಗೆ ಬಂತು. ಹಾಡು ಮುಗಿಯಿತು ಅನ್ನುವಷ್ಟರಲ್ಲಿ ತಾಳವನ್ನು ಒಮ್ಮೆಲೇ ನಿಧಾನ ಮಾಡಿ, ಮೈಕ್ ಕಂಬ ಹಿಡಿದು, ಒಂದೊಂದು ಏಟಿಗೂ ಸೊಂಟ ತಿರುಗಿಸಿದ. ಮಾರನೇ ದಿನದಿಂದ ಪತ್ರಿಕೆಗಳು ಮೈಮೇಲೆ ಬಿದ್ದವು. ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಜಾಕ್ ಗೌಲ್ಡ್ ಅಂತೂ ಇವನಿಗೆ ಹಾಡೋಕೇ ಬರಲ್ಲ ಅನ್ನುವ ಹಾಗೆ ಬರೆದ.

ಜುಲೈ 1ರಂದು, ಸಲಿವನ್ ಶೋ ಹೊತ್ತಿಗೇ ಬೇರೆ ಚಾನೆಲ್‌ನಲ್ಲಿ ಬರುತ್ತಿದ್ದ ಸ್ಟೀವ್ ಆಲನ್ ಶೋನಲ್ಲಿ, ಎಲ್ವಿಸ್‌ಗೆ ದೊಡ್ಡ ಸಮಾರಂಭಗಳಿಗೆ ಹಾಕುವ ಬಾಲದ ಕೋಟು (ಟೇಲ್‌ಕೋಟ್) ತೊಡಿಸಿ, ಒಂದು ನಿಜವಾದ ನಾಯಿಯ ಎದುರು ಅದೇ ಹಾಡು ಹಾಡಿಸಿದರು. ಆ ದೃಶ್ಯ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆದರೂ ಹುಡುಗ ಮುಖ ಸಿಂಡರಿಸದೆ, ನಾಯಿಯನ್ನು ಮುದ್ದು ಮಾಡುತ್ತಲೇ ಹಾಡಿ ಮುಗಿಸಿದ. ಆ ರಾತ್ರಿ ಸಲಿವನ್ ಶೋಗಿಂತ ಆಲನ್ ಶೋವನ್ನೇ ಜಾಸ್ತಿ ಜನ ನೋಡಿದರು. ಎಲ್ವಿಸ್‌ನನ್ನು ಕರೆಯುವುದೇ ಇಲ್ಲ ಎಂದಿದ್ದ ಸಲಿವನ್, ಮೂರು ಕಾರ್ಯಕ್ರಮಕ್ಕೆ 50,000 ಡಾಲರ್ ಕೊಟ್ಟು ಕರೆಸಿಕೊಂಡ.

ಮೊದಲನೆಯದು ಸೆಪ್ಟೆಂಬರ್ 9ರಂದು. ಕಾರು ಅಪಘಾತದಲ್ಲಿ ಗಾಯಗೊಂಡಿದ್ದ ಸಲಿವನ್ ಅವತ್ತು ಬರಲೇ ಇಲ್ಲ. ನ್ಯೂಯಾರ್ಕಿನಿಂದ ನಟ ಚಾರ್ಲ್ಸ್ ಲಾಟನ್ ಶೋ ನಡೆಸಿಕೊಟ್ಟ, ಎಲ್ವಿಸ್ ಹಾಡಿದ್ದು ಹಾಲಿವುಡ್‌ನಿಂದ. ನೋಡಿದವರು ಸುಮಾರು 6 ಕೋಟಿ ಜನ. ಎರಡನೆಯದು ಅಕ್ಟೋಬರ್ 28ರಂದು.

ಇದೆಲ್ಲ ನೇರಪ್ರಸಾರ ಅನ್ನುವುದನ್ನು ನೆನಪಿಡಬೇಕು. ಬೇಡವಾದದ್ದನ್ನು ಆಮೇಲೆ ಕತ್ತರಿಸುವ ಹಾಗಿರಲಿಲ್ಲ. ಸಲಿವನ್‌ಗೆ ಇದು ಮೊದಲೇ ಒಮ್ಮೆ ಚೆನ್ನಾಗಿ ಅರ್ಥವಾಗಿತ್ತು. 1955ರ ನವೆಂಬರ್‌ನಲ್ಲಿ ಕಪ್ಪು ಗಾಯಕ ಬೋ ಡಿಡ್ಲಿಗೆ ಬೇರೆ ಯಾರದೋ ಹಾಡು ಹೇಳು ಎಂದರೆ, ಅವನು ವೇದಿಕೆಗೆ ಹೋಗಿ ತನ್ನದೇ ಹಾಡು ಹಾಡಿಬಿಟ್ಟ. ಸಲಿವನ್ ಕೆಂಡಾಮಂಡಲವಾದ. ಆದರೆ ಹಾಡು ಆಗಲೇ ಮನೆಮನೆ ತಲುಪಿತ್ತು. ಎಂಥ ಧೈರ್ಯ ಅಲ್ವಾ!

ಹಾಗಾಗಿ ಟೀಕೆಗಳು ಜಾಸ್ತಿಯಾದಾಗ ಉಳಿದಿದ್ದು ಒಂದೇ ದಾರಿ: ಹಾಡುವವನನ್ನು ತಡೆಯುವ ಬದಲು ಕ್ಯಾಮೆರಾವನ್ನು ತಡೆಯುವುದು. ಜನವರಿ 6ರ ದೃಶ್ಯವನ್ನು ಒಮ್ಮೆ ನೋಡಿ. ಹೊಳೆಯುವ ವೇಸ್ಟ್‌ಕೋಟ್, ಹಣೆಯ ಮೇಲೆ ಬಿದ್ದ ಕೂದಲು, ಕುಲುಕುವ ಭುಜ. ಕೆಳಗೆ ಏನು ನಡೆಯುತ್ತಿದೆ ಅಂತ ನಮಗೆ ಕಾಣುವುದಿಲ್ಲ. ಇದ್ದಕ್ಕಿದ್ದಂತೆ ಸ್ಟುಡಿಯೋದ ಹುಡುಗಿಯರು ಚೀರುತ್ತಾರೆ. ಮನೆಯಲ್ಲಿ ಕೂತವರಿಗೆ ಆ ಚೀರಾಟ ಕೇಳಿಸುತ್ತದೆ, ಅದರ ಕಾರಣ ಕಾಣಿಸುವುದಿಲ್ಲ. ಮುಚ್ಚಿಡಲು ಹೋಗಿ ಕುತೂಹಲವನ್ನು ಇನ್ನಷ್ಟು ಕೆರಳಿಸಿದರು ಅಂತ ನನಗನ್ನಿಸುತ್ತದೆ.

ಅವತ್ತಿನ ಕೊನೆಯ ಹಾಡು ‘ಪೀಸ್ ಇನ್ ದ ವ್ಯಾಲಿ’. ಅದು ಭಕ್ತಿಗೀತೆ. ಎಲ್ವಿಸ್ ಹೆಚ್ಚುಕಡಿಮೆ ನಿಂತಲ್ಲೇ ನಿಂತು, ಮನಸ್ಸಿಟ್ಟು ಹಾಡುತ್ತಾನೆ. ಆಗಲೂ ಕ್ಯಾಮೆರಾ ಸೊಂಟದಿಂದ ಕೆಳಗೆ ಇಳಿಯುವುದಿಲ್ಲ. ಹಾಡು ಮುಗಿದ ಮೇಲೆ ಸಲಿವನ್ ಪಕ್ಕಕ್ಕೆ ಬಂದು, ಇವನು ನಿಜಕ್ಕೂ ಸಭ್ಯ, ಒಳ್ಳೆಯ ಹುಡುಗ ಅಂತ ಇಡೀ ದೇಶಕ್ಕೆ ಹೇಳುತ್ತಾನೆ.